ಎಂಟು ಬಾರಿ ಗೆದ್ದ ಮಾಸ್ತರರು

ಕರ್ನಾಟಕದಲ್ಲಿ ದೀರ್ಘಕಾಲ ಶಾಸಕರಾಗಿದ್ದವರ ಮಾತು ಬಂದಾಗ ಮೊದಲು ಕೇಳಿಬರುವುದು ಮಲ್ಲಿಕಾರ್ಜುನ ಖರ್ಗೆಯವರ ಹೆಸರು. 1972ರಿಂದ 2004ರವರೆಗೆ ಗುರುಮಠಕಲ್‌ನಿಂದ ಎಂಟು ಬಾರಿ, 2008ರಲ್ಲಿ ಚಿತ್ತಾಪುರದಿಂದ ಒಂದು ಬಾರಿ, ಹೀಗೆ ಒಂಬತ್ತು ವಿಧಾನಸಭಾ ಚುನಾವಣೆಗಳನ್ನು ಅವರು ಸತತವಾಗಿ ಗೆದ್ದರು. ಅವರ ನಂತರ ಹಳಿಯಾಳದ ಆರ್.ವಿ. ದೇಶಪಾಂಡೆಯವರ ಹೆಸರು ಬರುತ್ತದೆ. 1983ರಿಂದ ಆರಂಭಿಸಿ, ನಡುವೆ 2008ರ ಒಂದು ಸೋಲನ್ನು ಬಿಟ್ಟರೆ, 2023ರವರೆಗೆ ಅವರದೂ ಒಂಬತ್ತು ಗೆಲುವು. ಬಸವರಾಜ ಹೊರಟ್ಟಿಯವರ ಹೆಸರು ಈ ಸಾಲಿನಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. 1980ರಿಂದ ಇಂದಿನವರೆಗೆ ಒಂದೇ ಕ್ಷೇತ್ರದಿಂದ ಸತತ ಎಂಟು ಬಾರಿ ಆಯ್ಕೆಯಾದ ಅವರು ಈಗಿನ ಅವಧಿಯನ್ನು ಪೂರ್ತಿಗೊಳಿಸಿದರೆ ವಿಧಾನ ಪರಿಷತ್ತಿನಲ್ಲಿ ನಲವತ್ತೆಂಟು ವರ್ಷ ಕಳೆದಂತಾಗುತ್ತದೆ. ವಿಧಾನಸಭೆಯ ಲೆಕ್ಕದಲ್ಲಿ ಅದು ಒಂಬತ್ತೂವರೆ ಪೂರ್ಣಾವಧಿಗಳಿಗಿಂತ ಹೆಚ್ಚು.

ಅವರ ಹೆಸರು ಆ ಸಾಲಿನಲ್ಲಿ ಬಾರದಿರುವುದಕ್ಕೆ ಕಾರಣವಿದೆ. ಅವರು ಗೆದ್ದಿರುವುದು ಶಿಕ್ಷಕರ ಕ್ಷೇತ್ರದಿಂದ, ಮತ್ತು ಶಿಕ್ಷಕರಲ್ಲದವರಿಗೆ ಇಂಥ ಕ್ಷೇತ್ರವೊಂದಿದೆ ಎನ್ನುವುದೇ ಸರಿಯಾಗಿ ಗೊತ್ತಿರುವುದಿಲ್ಲ. ನಮ್ಮ ಪರಿಷತ್ತಿನ ಎಪ್ಪತ್ತೈದು ಸ್ಥಾನಗಳಲ್ಲಿ ಇಪ್ಪತ್ತೈದನ್ನು ವಿಧಾನಸಭೆಯ ಸದಸ್ಯರು, ಇಪ್ಪತ್ತೈದನ್ನು ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು, ಏಳನ್ನು ಪದವೀಧರರು, ಏಳನ್ನು ಶಿಕ್ಷಕರು ತುಂಬುತ್ತಾರೆ. ಉಳಿದ ಹನ್ನೊಂದು ನಾಮನಿರ್ದೇಶನದವು. ಆ ಏಳು ಶಿಕ್ಷಕರ ಕ್ಷೇತ್ರಗಳಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರವೂ ಒಂದು. ಧಾರವಾಡ, ಗದಗ, ಹಾವೇರಿ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನೂ ಈ ಕ್ಷೇತ್ರದ ಮತದಾರನಾಗಿದ್ದವನು. ಆದ್ದರಿಂದ ಇಲ್ಲಿ ಬರೆಯುತ್ತಿರುವುದನ್ನು ದೂರ ನಿಂತವನ ವಿಶ್ಲೇಷಣೆಯೆಂದು ಓದಬಾರದು. ಅವರಿಂದ ಏನನ್ನೋ ನಿರೀಕ್ಷಿಸಿದ, ಸ್ವಲ್ಪ ಪಡೆದ, ಸ್ವಲ್ಪ ಪಡೆಯದ ವರ್ಗಕ್ಕೆ ಸೇರಿದವನ ಅಭಿಪ್ರಾಯವೆಂದು ಓದಿದರೆ ಸಾಕು.

ಹೊರಟ್ಟಿಯವರು ಹುಟ್ಟಿದ್ದು 1946ರಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಯಡಹಳ್ಳಿಯಲ್ಲಿ. ರಾಜಕೀಯಕ್ಕೆ ಬರುವ ಮೊದಲು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದರು. ಈ ವಿವರವನ್ನು ಅವರ ಬಗ್ಗೆ ಬರೆಯುವವರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಶಾಲೆಯ ಒಳಗಿನವರಿಗೆ ಅದು ಅಷ್ಟು ಚಿಕ್ಕ ವಿವರವೆನಿಸುವುದಿಲ್ಲ. ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ತರರ ಸ್ಥಾನ ವಿಚಿತ್ರವಾದದ್ದು. ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವವರಿಗೆ ಸಿಗುವ ಮನ್ನಣೆ ಅವರಿಗೆ ಸಿಗುವುದಿಲ್ಲ, ಬಡ್ತಿಯ ವಿಷಯದಲ್ಲಿ ಅವರ ಕೊರಗು ಬಹಳ ಹಳೆಯದು. ಆದರೆ ಪ್ರಾರ್ಥನೆಯ ಸಾಲು ನಿಲ್ಲಿಸುವುದರಿಂದ ಹಿಡಿದು ಆಗಸ್ಟ್ ಹದಿನೈದರ ಪಥಸಂಚಲನದವರೆಗೆ ಅವರಿಲ್ಲದೆ ಶಾಲೆ ನಡೆಯುವುದಿಲ್ಲ. ಇನ್ನೊಂದು ಮಾತೂ ಇದೆ. ಉಳಿದ ನಾವೆಲ್ಲ ನಮ್ಮ ತರಗತಿಯ ಬಾಗಿಲು ದಾಟದೆ ವರ್ಷ ಕಳೆಯುವಾಗ, ತಾಲೂಕು ಮಟ್ಟದ, ಜಿಲ್ಲಾ ಮಟ್ಟದ, ವಿಭಾಗ ಮಟ್ಟದ ಕ್ರೀಡಾಕೂಟಗಳ ನೆಪದಲ್ಲಿ ಬೇರೆ ಶಾಲೆಗಳ ಮಾಸ್ತರರ ಪರಿಚಯ ಬೆಳೆಸಿಕೊಳ್ಳುವ ಅವಕಾಶ ಸಿಗುವುದು ಪಿ.ಟಿ. ಮಾಸ್ತರರಿಗೆ ಮಾತ್ರ. ನಾಲ್ಕು ಜಿಲ್ಲೆಗಳ ಶಾಲೆಗಳಲ್ಲಿ ಹೆಸರು ಹಿಡಿದು ಕರೆಯಬಲ್ಲ ಸ್ನೇಹಿತರನ್ನು ಸಂಪಾದಿಸಲು ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲವೆಂಬುದು ನನ್ನ ಊಹೆ. ಶಿಕ್ಷಕರ ಸಂಘಟನೆಯ ದಾರಿಯಿಂದ ಅವರು ಚುನಾವಣೆಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1980ರಲ್ಲಿ ಅವರು ಮೊದಲು ಗೆದ್ದಾಗ ಮುಖ್ಯಮಂತ್ರಿಯಾಗಿದ್ದವರು ಆರ್. ಗುಂಡೂರಾವ್. ಗೋಕಾಕ ವರದಿ ಇನ್ನೂ ಬಂದಿರಲಿಲ್ಲ. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅಲ್ಲಿಯವರೆಗೆ ಅವು ಅಖಂಡ ಧಾರವಾಡ ಜಿಲ್ಲೆಯ ತಾಲೂಕುಗಳು. ಕರಿಮಣ್ಣಿನ ನರಗುಂದ, ರೋಣಗಳಿಂದ ಹೊರಟು, ರಾಣೆಬೆನ್ನೂರು, ಹಾನಗಲ್ಲುಗಳನ್ನು ದಾಟಿ, ಶಿರಸಿಯ ಘಟ್ಟ ಇಳಿದು ಭಟ್ಕಳದ ಕಡಲು ಮುಟ್ಟುವಷ್ಟು ದೊಡ್ಡದು ಈ ಕ್ಷೇತ್ರ. ಭೂಪಟದಲ್ಲಿ ಇದು ಒಂದು ಲೋಕಸಭಾ ಕ್ಷೇತ್ರಕ್ಕಿಂತ ದೊಡ್ಡದು, ಮತದಾರರ ಸಂಖ್ಯೆಯಲ್ಲಿ ಒಂದು ಸಣ್ಣ ಪಟ್ಟಣದಷ್ಟೂ ಇಲ್ಲ. 2022ರಲ್ಲಿ ಇಲ್ಲಿ ಚಲಾವಣೆಯಾದ ಮತಗಳು ಹದಿನೈದು ಸಾವಿರದ ಚಿಲ್ಲರೆ. ವಿಧಾನಸಭಾ ಕ್ಷೇತ್ರದ ಅಭ್ಯರ್ಥಿಗೆ ಗಾಳಿ ಬೀಸಬೇಕು, ಜಾತಿಯ ಲೆಕ್ಕ ಕೂಡಬೇಕು, ದೊಡ್ಡ ನಾಯಕರ ಸಭೆ ನಡೆಯಬೇಕು. ಇಲ್ಲಿ ಗೆಲ್ಲಬೇಕಾದವರಿಗೆ ಯಾವ ಶಾಲೆಯಲ್ಲಿ ಎಷ್ಟು ಮತಗಳಿವೆ, ಅವರಲ್ಲಿ ಯಾರ ಕಡತ ಎಲ್ಲಿ ನಿಂತಿದೆ ಎನ್ನುವುದು ಗೊತ್ತಿರಬೇಕು. ಹೊರಟ್ಟಿಯವರ ದೀರ್ಘಾಯುಷ್ಯದ ಗುಟ್ಟು ಬಹುಮಟ್ಟಿಗೆ ಈ ವ್ಯತ್ಯಾಸದಲ್ಲಿದೆಯೆಂದು ನಾನು ನಂಬಿದ್ದೇನೆ.

ಈ ಚುನಾವಣೆಯ ಮತದಾನವನ್ನು ಕಣ್ಣಾರೆ ಕಾಣದವರಿಗೆ ಸ್ವಲ್ಪ ವಿವರಿಸಬೇಕು. ಮತಯಂತ್ರವಿಲ್ಲ, ಮುದ್ರೆಯೊತ್ತುವುದಿಲ್ಲ. ಅಂದು ಶಿಕ್ಷಕರಿಗೆ ವಿಶೇಷ ಸಾಂದರ್ಭಿಕ ರಜೆ. ತಾಲೂಕು ಕಚೇರಿಯಲ್ಲೋ ಸರ್ಕಾರಿ ಶಾಲೆಯ ಕೊಠಡಿಯಲ್ಲೋ ಮತಗಟ್ಟೆ. ಮತಪತ್ರದ ಜೊತೆಗೆ ನೇರಳೆ ಬಣ್ಣದ ಒಂದು ಸ್ಕೆಚ್ ಪೆನ್ ಕೊಡುತ್ತಾರೆ, ಅದರಿಂದಲೇ ಬರೆಯಬೇಕು, ಜೇಬಿನಲ್ಲಿರುವ ಸ್ವಂತ ಪೆನ್ನನ್ನು ಮುಟ್ಟುವಂತಿಲ್ಲ. ಮೆಚ್ಚಿದ ಅಭ್ಯರ್ಥಿಯ ಹೆಸರಿನ ಮುಂದೆ 1 ಎಂದು, ಬೇಕಿದ್ದರೆ ಉಳಿದವರ ಮುಂದೆ 2, 3 ಎಂದು ಪ್ರಾಶಸ್ತ್ಯವನ್ನು ಗುರುತಿಸಬೇಕು. ಅಂಕಿ ಕನ್ನಡದ್ದಾದರೂ ಆಗುತ್ತದೆ, ರೋಮನ್ ಆದರೂ ಆಗುತ್ತದೆ, ಆದರೆ ಅಕ್ಷರದಲ್ಲಿ ‘ಒಂದು’ ಎಂದು ಬರೆದರೆ ಮತ ತಿರಸ್ಕೃತ. ಸರಿ ಗುರುತು ಹಾಕಿದರೂ ತಿರಸ್ಕೃತ, ಕೆಳಗೆ ಸಹಿ ಮಾಡಿದರಂತೂ ಕೇಳುವುದೇ ಬೇಡ. ವರ್ಷವಿಡೀ ಉತ್ತರ ಪತ್ರಿಕೆಗಳಿಗೆ ಸರಿ ಗುರುತು ಹಾಕಿ ಸಹಿ ಮಾಡುತ್ತ ಬಂದ ಕೈಗೆ ಈ ನಿಯಮ ನೆನಪಿನಲ್ಲಿ ಉಳಿಯುವುದು ಕಷ್ಟವೆಂದು ಕಾಣುತ್ತದೆ. 2022ರ ಎಣಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಮತಗಳು ಅಸಿಂಧುವಾದವು. ಸೂಚನೆಗಳನ್ನು ಎರಡೆರಡು ಸಲ ಓದಿ ಉತ್ತರಿಸಿರೆಂದು ಮಕ್ಕಳಿಗೆ ಹೇಳುವವರ ಚುನಾವಣೆಯಲ್ಲಿ ಹೀಗಾಗುತ್ತದೆ ಎನ್ನುವುದನ್ನು ನಾವು ಹೊರಗಿನವರ ಮುಂದೆ ಹೇಳಿಕೊಳ್ಳುವುದಿಲ್ಲ.

ಗೆಲ್ಲಲು ಸಿಂಧು ಮತಗಳ ಅರ್ಧಕ್ಕೆ ಒಂದು ಸೇರಿಸಿದಷ್ಟು ಮತ ಬೇಕು. ಅದನ್ನು ಕೋಟಾ ಎನ್ನುತ್ತಾರೆ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಅಷ್ಟು ದೊರೆಯದಿದ್ದರೆ ಕೊನೆಯ ಸ್ಥಾನದಲ್ಲಿರುವವರನ್ನು ಕಣದಿಂದ ತೆಗೆದು, ಅವರ ಮತಪತ್ರಗಳಲ್ಲಿನ ಎರಡನೆಯ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತ ಹೋಗುತ್ತಾರೆ. ಎಣಿಕೆ ರಾತ್ರಿಯವರೆಗೂ ಎಳೆಯುವುದುಂಟು. 2022ರಲ್ಲಿ ಹೊರಟ್ಟಿಯವರಿಗೆ ಅದರ ಅಗತ್ಯ ಬೀಳಲಿಲ್ಲ. ಒಂಬತ್ತು ಸಾವಿರಕ್ಕೂ ಹೆಚ್ಚು ಮೊದಲ ಪ್ರಾಶಸ್ತ್ಯದ ಮತಗಳು ಅವರಿಗೆ ಬಂದವು, ಎದುರಾಳಿಯಾಗಿದ್ದ ಕಾಂಗ್ರೆಸ್ಸಿನ ಬಸವರಾಜ ಗುರಿಕಾರ ಅವರಿಗೆ ಅದರ ಅರ್ಧದಷ್ಟು. ಅಷ್ಟು ಹೊತ್ತಿಗೆ ಹೊರಟ್ಟಿಯವರ ವಯಸ್ಸು ಎಪ್ಪತ್ತಾರು. ಅವರಿಗೆ ಮತ ಹಾಕಿದವರಲ್ಲಿ ಬಹಳ ಮಂದಿ ಅವರ ಮೊದಲ ಗೆಲುವಿನ ನಂತರ ಹುಟ್ಟಿದವರು.

ಈ ಕ್ಷೇತ್ರದ ಪ್ರತಿನಿಧಿಯ ಕೆಲಸವೇನು? ರಸ್ತೆ, ಚರಂಡಿ, ಸಮುದಾಯ ಭವನ ಇವು ವಿಧಾನಸಭೆಯ ಶಾಸಕರ ಬಾಬತ್ತುಗಳು. ನಮ್ಮವರ ಬಾಬತ್ತು ಬಹುತೇಕ ಕಾಗದದ್ದು. ನಿವೃತ್ತಿಯಾಗಿ ವರ್ಷವಾದರೂ ಪಿಂಚಣಿ ಕಡತ ಮಹಾಲೇಖಪಾಲರ ಕಚೇರಿಗೆ ಹೋಗಿಲ್ಲ. ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿ ಹುದ್ದೆ ಹೆಚ್ಚುವರಿಯಾಗಿದೆ. ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಮಗನಿಗೆ ಅನುಕಂಪದ ನೌಕರಿ ಮಂಜೂರಾಗಿಲ್ಲ. ಆಡಳಿತ ಮಂಡಳಿ ನೇಮಕ ಮಾಡಿಕೊಂಡಿದೆ, ಇಲಾಖೆ ಅನುಮೋದನೆ ಕೊಟ್ಟಿಲ್ಲ. ಇಂಥ ಪ್ರತಿಯೊಂದು ಪ್ರಕರಣವೂ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ (ಡಿಡಿಪಿಐ) ಕಚೇರಿಯ ಮೇಜಿನಿಂದ ಹೊರಟು, ಧಾರವಾಡದ ಅಪರ ಆಯುಕ್ತರ ಕಚೇರಿಯನ್ನು ದಾಟಿ, ಬೆಂಗಳೂರಿನ ಬಹುಮಹಡಿ ಕಟ್ಟಡದವರೆಗೆ ಹೋಗಿ, ಒಂದು ಸ್ಪಷ್ಟೀಕರಣ ಕೇಳಿಸಿಕೊಂಡು ಮರಳಿ ಬರುತ್ತದೆ. ಪರಿಷತ್ ಸದಸ್ಯರ ಲೆಟರ್‌ಹೆಡ್ಡಿನಲ್ಲಿ ಬರೆದ ನಾಲ್ಕು ಸಾಲಿನ ಪತ್ರ, ಅದಕ್ಕಿಂತ ಹೆಚ್ಚಾಗಿ ಅವರ ಒಂದು ದೂರವಾಣಿ ಕರೆ, ಆ ಕಡತದ ನಡಿಗೆಯನ್ನು ಬದಲಿಸಬಲ್ಲದು. ನಮ್ಮ ಶಾಲೆಯಲ್ಲಿ ಯಾರಿಗಾದರೂ ಇಂಥ ತೊಡಕು ಬಂದರೆ ಹೆಡ್‌ಮಾಸ್ತರರು ಮೊದಲು ಹೇಳುತ್ತಿದ್ದ ಮಾತು, “ಹುಬ್ಬಳ್ಳಿಗೆ ಹೋಗಿ ಹೊರಟ್ಟಿ ಸರ್‌ನ ಕಂಡ ಬರ್ರಿ” ಎಂದು. ಹೋದವರಲ್ಲಿ ಎಲ್ಲರ ಕೆಲಸವೂ ಆಯಿತೆಂದು ಹೇಳಲಾರೆ. ಆದರೆ ಹೋದವರು ತಮ್ಮ ಪ್ರಕರಣವನ್ನು ಮೊದಲಿನಿಂದ ವಿವರಿಸಬೇಕಾದ ತಾಪತ್ರಯವಿರಲಿಲ್ಲವೆಂದು, ಯಾವ ಆದೇಶ, ಯಾವ ಕಂಡಿಕೆ ಎನ್ನುವುದು ಅವರಿಗೇ ತಿಳಿದಿರುತ್ತಿತ್ತೆಂದು ಹೇಳುತ್ತಿದ್ದರು. ವಕೀಲರನ್ನು ಕಾಣಲು ಹೋದ ಕಕ್ಷಿದಾರನಿಗೆ ಬೇಕಾದ ಸಮಾಧಾನವೂ ಅದೇ.

ಸದನದ ಒಳಗಿನ ಕೆಲಸವೂ ಇದರ ಮುಂದುವರಿಕೆಯೇ. ಚುಕ್ಕೆ ಗುರುತಿನ ಪ್ರಶ್ನೆ, ನಿಯಮ 72ರ ಗಮನ ಸೆಳೆಯುವ ಸೂಚನೆ, ನಿಯಮ 330ರ ಪ್ರಸ್ತಾಪ, ಶೂನ್ಯವೇಳೆ ಇವೆಲ್ಲ ಒಬ್ಬ ಸದಸ್ಯನ ಕೈಗೆ ಸಿಗುವ ಉಪಕರಣಗಳು. ಹೊಸಬರು ಪ್ರಶ್ನೆ ಕೇಳುತ್ತಾರೆ, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಪಡೆದು ಕೂರುತ್ತಾರೆ. ಹಳಬರಿಗೆ ಅದೇ ಪ್ರಶ್ನೆಗೆ ಹಿಂದಿನ ಸರ್ಕಾರ ಏನು ಉತ್ತರಿಸಿತ್ತು, ಅದರ ಹಿಂದಿನದು ಏನು ಭರವಸೆ ಕೊಟ್ಟಿತ್ತು, ಆ ಭರವಸೆ ಸದನದ ಭರವಸೆಗಳ ಸಮಿತಿಯ ಮುಂದೆ ಯಾವ ಸ್ಥಿತಿಯಲ್ಲಿದೆ ಎನ್ನುವುದು ನೆನಪಿರುತ್ತದೆ. ಗುಂಡೂರಾವ್ ಅವರಿಂದ ಸಿದ್ದರಾಮಯ್ಯನವರವರೆಗೆ ಹದಿನಾರು ಮುಖ್ಯಮಂತ್ರಿಗಳನ್ನು ಕಂಡ ಸದಸ್ಯನೆದುರು ಹೊಸ ಸಚಿವರು ಸಿದ್ಧತೆಯಿಲ್ಲದೆ ನಿಲ್ಲುವುದು ಸುಲಭವಲ್ಲ. ಎಸ್.ಆರ್. ಬೊಮ್ಮಾಯಿಯವರ ಸರ್ಕಾರದ ಕಾಲದಲ್ಲೂ ಅವರು ಸದಸ್ಯರು, ಮೂರು ದಶಕಗಳ ನಂತರ ಅವರ ಮಗ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದಾಗಲೂ ಸದಸ್ಯರೇ.

ಇಷ್ಟು ದೀರ್ಘ ಸೇವೆಯಲ್ಲಿ ಶಿಕ್ಷಣ ಇಲಾಖೆಯ ಚುಕ್ಕಾಣಿ ಅವರ ಕೈಗೆ ಬಂದದ್ದು ಚಿಕ್ಕ ಅವಧಿಗೆ ಮಾತ್ರ. 2006ರ ಫೆಬ್ರವರಿಯಿಂದ 2007ರ ಅಕ್ಟೋಬರ್‌ವರೆಗಿನ ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದಲ್ಲಿ ಅವರು ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದರು. ಆ ಕಾಲದ ಎರಡು ಮೂರು ತೀರ್ಮಾನಗಳು ಇಂದಿಗೂ ಶಾಲೆಗಳ ಬದುಕಿನಲ್ಲಿವೆ. ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸುವ ಕಾಯ್ದೆ 2007ರದ್ದು. ಅದಕ್ಕೂ ಮೊದಲು ವರ್ಗಾವಣೆಯೆಂದರೆ ಶಾಸಕರ ಪತ್ರ ಹಿಡಿದು ಬೆಂಗಳೂರಿಗೆ ಓಡುವುದಾಗಿತ್ತೆಂಬುದನ್ನು ಸರ್ಕಾರಿ ಶಾಲೆಯ ಹಿರಿಯ ಶಿಕ್ಷಕರು ಮರೆತಿಲ್ಲ. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿದ್ದೂ ಅದೇ ಸರ್ಕಾರದ ಕಾಲದಲ್ಲಿ. ಸಾಹಿತಿಗಳಲ್ಲಿ ಕೆಲವರು ಅದನ್ನು ವಿರೋಧಿಸಿದರು, ಕೆಲವರು ದಲಿತರ ಮತ್ತು ಬಡವರ ಮಕ್ಕಳಿಗೆ ಇದು ಬೇಕೇ ಬೇಕೆಂದರು.

ಇದಕ್ಕಿಂತ ಹೆಚ್ಚು ಗದ್ದಲವಾದದ್ದು ಮಾನ್ಯತೆ ರದ್ದತಿಯ ವಿಷಯದಲ್ಲಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂಬ 1994ರ ಭಾಷಾ ನೀತಿಯಂತೆ ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು, ಒಳಗೆ ಇಂಗ್ಲಿಷ್ ಮಾಧ್ಯಮ ನಡೆಸುತ್ತಿದ್ದ ಶಾಲೆಗಳು ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟಿದ್ದವು. ಎಲ್ಲರಿಗೂ ಅದು ಗೊತ್ತಿತ್ತು. ತಪಾಸಣೆಗೆ ಬರುವ ಅಧಿಕಾರಿಗೂ ಗೊತ್ತಿತ್ತು. ಹೊರಟ್ಟಿಯವರು ಸಚಿವರಾಗಿದ್ದಾಗ ಇಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ಇಲಾಖೆ ರದ್ದುಪಡಿಸಿತು. ಪೋಷಕರು ಬೀದಿಗೆ ಬಂದರು, ಆಡಳಿತ ಮಂಡಳಿಗಳು ಕೋರ್ಟಿಗೆ ಹೋದವು. ಕೊನೆಗೆ ಆ ನೀತಿಯೇ ಕಾನೂನಿನ ಪರೀಕ್ಷೆಯಲ್ಲಿ ಉಳಿಯಲಿಲ್ಲ. 2008ರಲ್ಲಿ ರಾಜ್ಯ ಹೈಕೋರ್ಟಿನ ಪೂರ್ಣಪೀಠ ಖಾಸಗಿ ಶಾಲೆಗಳ ಮೇಲೆ ಮಾಧ್ಯಮವನ್ನು ಹೇರುವಂತಿಲ್ಲವೆಂದಿತು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಫಲಿತಾಂಶದ ದೃಷ್ಟಿಯಿಂದ ನೋಡಿದರೆ ಅದು ಸೋತ ಹೋರಾಟ.

ಆದರೂ ಅವರ ರಾಜಕೀಯ ಬದುಕಿನಲ್ಲಿ ನಾನು ಗೌರವದಿಂದ ನೆನೆಯುವ ಘಟ್ಟ ಅದೇ, ಮತ್ತು ಅದಕ್ಕೆ ಕಾರಣ ಕನ್ನಡಾಭಿಮಾನವಷ್ಟೇ ಅಲ್ಲ. ಶಿಕ್ಷಕರ ಕ್ಷೇತ್ರದ ಪ್ರತಿನಿಧಿಗೆ ಖಾಸಗಿ ಆಡಳಿತ ಮಂಡಳಿಗಳನ್ನು ಎದುರು ಹಾಕಿಕೊಳ್ಳುವುದು ಬಹಳ ದುಬಾರಿಯ ಕೆಲಸ. ಮತದಾರರು ಶಿಕ್ಷಕರೇ ಆದರೂ ಅವರ ಸಂಬಳ, ನೇಮಕ, ಮುಂದುವರಿಕೆ ಎಲ್ಲವೂ ಮಂಡಳಿಯವರ ಕೈಯಲ್ಲಿರುತ್ತದೆ. ಒಂದು ಮಠದ ಅಥವಾ ಒಂದು ದೊಡ್ಡ ಸಂಸ್ಥೆಯ ಅಧ್ಯಕ್ಷರು ಮನಸ್ಸು ಮಾಡಿದರೆ ಇಪ್ಪತ್ತು ಮೂವತ್ತು ಶಾಲೆಗಳ ಮತಗಳು ಒಂದೇ ಕಡೆ ವಾಲುವುದು ಅಸಾಧ್ಯವೇನಲ್ಲ. ಅಂಥ ಮಂಡಳಿಗಳಲ್ಲಿ ಹಲವು ಪ್ರೌಢಶಾಲೆಯ ಜೊತೆಗೆ ಇಂಗ್ಲಿಷ್ ಮಾಧ್ಯಮದ ಪ್ರಾಥಮಿಕ ಶಾಲೆಯನ್ನೂ ನಡೆಸುತ್ತಿದ್ದವು. ಸಚಿವ ಸ್ಥಾನ ಬಿಟ್ಟ ಮೇಲೆ, 2010ರಲ್ಲಿ, ಅವರು ಮತ್ತೆ ಅದೇ ಮತದಾರರ ಮುಂದೆ ಹೋದರು, ಗೆದ್ದರು. ವೈಯಕ್ತಿಕ ಸಂಪರ್ಕದ ಮೇಲೆ ಕಟ್ಟಿದ ಕ್ಷೇತ್ರ ನೀತಿಯ ಪ್ರಶ್ನೆಯಲ್ಲಿ ಪ್ರತಿನಿಧಿಗೆ ಎಷ್ಟು ಸ್ವಾತಂತ್ರ್ಯ ಕೊಡಬಲ್ಲದು ಎನ್ನುವುದಕ್ಕೆ ನನಗೆ ತಿಳಿದ ಒಳ್ಳೆಯ ಉದಾಹರಣೆಯಿದು. ಆ ಸ್ವಾತಂತ್ರ್ಯವನ್ನು ಅವರು ಇನ್ನೂ ಹೆಚ್ಚು ಬಾರಿ ಬಳಸಬಹುದಿತ್ತೆಂಬುದು ನನ್ನ ತಕರಾರು.

ಏಕೆಂದರೆ ಈ ನಾಲ್ಕು ದಶಕಗಳಲ್ಲಿ ಅನುದಾನಿತ ಶಾಲೆಗಳ ದೊಡ್ಡ ಪ್ರಶ್ನೆಗಳು ಬಗೆಹರಿಯಲಿಲ್ಲ. ಮುಖ್ಯವಾಗಿ ಕಾಲ್ಪನಿಕ ವೇತನದ ಪ್ರಶ್ನೆ. ಹೊರಗಿನವರಿಗೆ ಇದನ್ನು ಹೀಗೆ ಹೇಳಬಹುದು: ಒಬ್ಬ ಶಿಕ್ಷಕ ಹೊಸ ಶಾಲೆಯೊಂದಕ್ಕೆ ಸೇರುತ್ತಾನೆ, ಆ ಶಾಲೆ ಅನುದಾನಕ್ಕೆ ಒಳಪಡುವವರೆಗೆ ಹಲವು ವರ್ಷ ಮಂಡಳಿ ಕೊಟ್ಟಷ್ಟೇ ಸಂಬಳಕ್ಕೆ ದುಡಿಯುತ್ತಾನೆ, ಅನುದಾನ ಬಂದ ದಿನ ಸರ್ಕಾರ ಅವನನ್ನು ಅಂದೇ ಕೆಲಸಕ್ಕೆ ಸೇರಿದವನಂತೆ ಪರಿಗಣಿಸುತ್ತದೆ. ಹಿಂದಿನ ವರ್ಷಗಳ ಹಣ ಬೇಡ, ಆ ಸೇವೆಯನ್ನು ವೇತನ ಬಡ್ತಿಗೂ ಪಿಂಚಣಿಗೂ ಲೆಕ್ಕಕ್ಕಾದರೂ ಹಿಡಿಯಿರಿ ಎನ್ನುವುದು ಬೇಡಿಕೆ. ಅದನ್ನು ಒಪ್ಪುವುದಿರಲಿ, ಖಾಸಗಿ ಅನುದಾನಿತ ಸಂಸ್ಥೆಗಳ ನೌಕರರ ವೇತನ ಮತ್ತು ಪಿಂಚಣಿಯನ್ನು ನಿಯಂತ್ರಿಸುವ 2014ರ ಕಾಯ್ದೆ ಆ ಬಾಗಿಲನ್ನೇ ಮುಚ್ಚಿತು. ಇದೇ ವಿಷಯವನ್ನು ಪರಿಶೀಲಿಸಲು ಹೊರಟ್ಟಿಯವರ ನೇತೃತ್ವದಲ್ಲಿ ಸಮಿತಿಯೂ ರಚನೆಯಾಯಿತು, ಅದರ ವರದಿಯನ್ನು ಜಾರಿಗೊಳಿಸಿ ಎನ್ನುವುದೇ ನಂತರ ಒಂದು ಬೇಡಿಕೆಯಾಯಿತು. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಸಿಗದ ಸಂಕಟ, 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಕೊಡದ ಸಂಕಟ ಇವೂ ಹಾಗೆಯೇ ಮುಂದುವರಿದವು. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಸುವರ್ಣ ವಿಧಾನಸೌಧದ ಹತ್ತಿರದ ಕೊಂಡಸಕೊಪ್ಪದ ಬಯಲಿನಲ್ಲಿ ಹಾಕುವ ಪೆಂಡಾಲುಗಳಲ್ಲಿ ಇವರನ್ನು ಕಾಣಬಹುದು. ಹಸಿರು ಶಾಲಿನ ರೈತರ ಪೆಂಡಾಲಿನ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಧ್ಯಾಹ್ನದ ಬುತ್ತಿ ತಂದು ಶಿಸ್ತಾಗಿ ಸಾಲಿನಲ್ಲಿ ಕುಳಿತ ಮಾಸ್ತರರು. ಘೋಷಣೆ ಕೂಗುವಾಗಲೂ ವ್ಯಾಕರಣ ತಪ್ಪದವರು. ಸಂಜೆ ಸಚಿವರೊಬ್ಬರು ಬಂದು ಮನವಿಪತ್ರ ತೆಗೆದುಕೊಂಡು ಹೋಗುತ್ತಾರೆ.

ಇದಕ್ಕೆಲ್ಲ ಒಬ್ಬ ಸದಸ್ಯನನ್ನು ಹೊಣೆ ಮಾಡುವುದು ನ್ಯಾಯವಲ್ಲ. ಪರಿಷತ್ತಿನ ಅಧಿಕಾರವೇ ಮಿತವಾದದ್ದು. ಹಣಕಾಸು ವಿಧೇಯಕವನ್ನು ಅದು ಹದಿನಾಲ್ಕು ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಉಳಿದ ವಿಧೇಯಕಗಳನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಹುದು, ಅಷ್ಟೆ. ಕಾಲ್ಪನಿಕ ವೇತನವೆಂದರೆ ಬೊಕ್ಕಸದ ಪ್ರಶ್ನೆ; ಬೊಕ್ಕಸದ ಕೀಲಿ ಆರ್ಥಿಕ ಇಲಾಖೆಯಲ್ಲಿದೆ, ಮೇಲ್ಮನೆಯಲ್ಲಿಲ್ಲ. ಹೀಗಿದ್ದೂ ಒಂದು ಮಾತು ಉಳಿಯುತ್ತದೆ. ಬಿಡಿ ಬಿಡಿ ಕಡತಗಳನ್ನು ದಾಟಿಸುವುದರಲ್ಲಿ ನಿಪುಣನಾದ ಪ್ರತಿನಿಧಿಯಿದ್ದರೆ ಮತದಾರರೂ ಕಾಲಕ್ರಮದಲ್ಲಿ ತಮ್ಮ ತಮ್ಮ ಕಡತವನ್ನಷ್ಟೇ ಹಿಡಿದು ಬರುತ್ತಾರೆ. ನನ್ನ ವಾರ್ಷಿಕ ಬಡ್ತಿ ಆದರೆ ಸಾಕು, ನಿಯಮ ಬದಲಾಗದಿದ್ದರೂ ಚಿಂತೆಯಿಲ್ಲ ಎನ್ನುವ ಮನಸ್ಥಿತಿ ನಮ್ಮಲ್ಲಿ ಬೆಳೆಯಿತು. ಗೆಲ್ಲುತ್ತ ಹೋದವರಿಗೂ ಗೆಲ್ಲಿಸುತ್ತ ಹೋದವರಿಗೂ ಅದು ಅನುಕೂಲವಾಗಿತ್ತು.

ಪಕ್ಷದ ವಿಷಯದಲ್ಲಿ ಅವರ ಹಾದಿ ಬಹುಕಾಲ ಜನತಾ ಪರಿವಾರದ್ದು. 2022ರ ಮೇ ತಿಂಗಳಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ, ಅವರು ಆಗ ಹೊಂದಿದ್ದ ಪರಿಷತ್ತಿನ ಸಭಾಪತಿ ಸ್ಥಾನಕ್ಕೂ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟು ಜಾತ್ಯತೀತ ಜನತಾದಳವನ್ನು ಬಿಟ್ಟು ಭಾರತೀಯ ಜನತಾ ಪಕ್ಷ ಸೇರಿದರು. ಅಧಿಕಾರಕ್ಕೆ ಅಂಟಿಕೊಳ್ಳದೆ ರಾಜೀನಾಮೆ ಕೊಟ್ಟು ಹೋದದ್ದು ಕ್ರಮಬದ್ಧವಾಗಿತ್ತು. ಆದರೆ ಪಕ್ಷಾತೀತನೆಂದು ಗೌರವಿಸುವ ಪೀಠದಿಂದ ಇಳಿದು ಅದೇ ವಾರದಲ್ಲಿ ಪಕ್ಷದ ಶಾಲು ಹೊದೆಯುವುದು ಆ ಪೀಠದ ಘನತೆಗೆ ಒಪ್ಪುವುದಿಲ್ಲವೆಂದು ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ನನ್ನ ಜೊತೆಗಿನ ಶಿಕ್ಷಕರಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಅವರಿಗೆ ಪಕ್ಷ ಮುಖ್ಯವಾಗಿರಲಿಲ್ಲ, ಮನುಷ್ಯ ಮುಖ್ಯವಾಗಿದ್ದ. ಫಲಿತಾಂಶವೂ ಅವರು ಹೇಳಿದಂತೆಯೇ ಬಂತು.

ಸಭಾಪತಿಯಾಗಿ ಅವರ ಕೆಲಸವನ್ನು ನೋಡುವಾಗ ಅವರಿಗಿಂತ ಮೊದಲು ಸದನದಲ್ಲಿ ನಡೆದದ್ದನ್ನು ನೆನೆಯಬೇಕಾಗುತ್ತದೆ. 2018ರಲ್ಲಿ ಡಿ.ಎಚ್. ಶಂಕರಮೂರ್ತಿಯವರ ಅವಧಿ ಮುಗಿದಾಗ ಹೊರಟ್ಟಿಯವರು ಕೆಲವು ತಿಂಗಳು ಹಂಗಾಮಿ ಸಭಾಪತಿಯಾಗಿದ್ದರು; ಆ ವರ್ಷದ ಕೊನೆಗೆ ಕಾಂಗ್ರೆಸ್ಸಿನ ಪ್ರತಾಪಚಂದ್ರ ಶೆಟ್ಟಿಯವರು ಸಭಾಪತಿಯಾದರು. 2020ರ ಡಿಸೆಂಬರ್ 15ರಂದು, ಶೆಟ್ಟಿಯವರ ವಿರುದ್ಧದ ಅವಿಶ್ವಾಸದ ಜಗಳದಲ್ಲಿ, ಪೀಠದಲ್ಲಿ ಕುಳಿತ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಸದಸ್ಯರೇ ಹಿಡಿದೆಳೆದು ಇಳಿಸಿದ ದೃಶ್ಯವನ್ನು ಇಡೀ ರಾಜ್ಯ ದೂರದರ್ಶನದಲ್ಲಿ ನೋಡಿತು. ಅದೇ ತಿಂಗಳ ಕೊನೆಯಲ್ಲಿ ಧರ್ಮೇಗೌಡರು ತೀರಿಕೊಂಡರು. ಚಿಂತಕರ ಚಾವಡಿಯೆಂದು ತನ್ನನ್ನು ಕರೆದುಕೊಳ್ಳುವ ಸದನದ ಇತಿಹಾಸದಲ್ಲಿ ಅದಕ್ಕಿಂತ ನಾಚಿಕೆಗೇಡಿನ ದಿನವನ್ನು ನಾನು ಕಂಡಿಲ್ಲ. ಶೆಟ್ಟಿಯವರ ರಾಜೀನಾಮೆಯ ನಂತರ, 2021ರ ಫೆಬ್ರವರಿಯಲ್ಲಿ, ಹೊರಟ್ಟಿಯವರು ಬಿಜೆಪಿಯ ಬೆಂಬಲದಿಂದ ಸಭಾಪತಿಯಾದರು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಮತ್ತೊಮ್ಮೆ, ಈ ಸಲ ಅವಿರೋಧವಾಗಿ. ಎಲ್ಲ ಪಕ್ಷಗಳಲ್ಲೂ ಸ್ನೇಹಿತರಿರುವ, ನಿಯಮ ಪುಸ್ತಕ ಬಾಯಿಪಾಠವಿರುವ ಹಿರಿಯನೊಬ್ಬ ಪೀಠದಲ್ಲಿರಬೇಕೆಂದು ಆ ಹೊತ್ತಿನಲ್ಲಿ ಸದನಕ್ಕೆ ಅನಿಸಿದ್ದು ಸಹಜವೇ ಆಗಿತ್ತು. 2023ರಲ್ಲಿ ಸರ್ಕಾರ ಬದಲಾಗಿ ಕಾಂಗ್ರೆಸ್ ಅಧಿಕಾರಕ್ಕೆ ಬಂದ ಮೇಲೂ ಅವರು ಅದೇ ಪೀಠದಲ್ಲಿ ಮುಂದುವರಿದರು.

ನಮ್ಮ ಕ್ಷೇತ್ರಕ್ಕೆ ಮಾತ್ರ ಇದರಿಂದ ಒಂದು ನಷ್ಟವಾಯಿತು. ಸಭಾಪತಿ ಪ್ರಶ್ನೆ ಕೇಳುವಂತಿಲ್ಲ, ಚರ್ಚೆಯಲ್ಲಿ ಪಕ್ಷ ವಹಿಸುವಂತಿಲ್ಲ, ಮತಗಳು ಸಮವಾದಾಗ ಮಾತ್ರ ನಿರ್ಣಾಯಕ ಮತ ಚಲಾಯಿಸುತ್ತಾರೆ. ಸದನದಲ್ಲಿ ಅತಿ ಹೆಚ್ಚು ಅನುಭವವಿರುವ ಶಿಕ್ಷಕರ ಪ್ರತಿನಿಧಿ ಶಿಕ್ಷಕರ ವಿಷಯ ಬಂದಾಗ ‘ಮಾನ್ಯ ಸಚಿವರು ಉತ್ತರಿಸಬೇಕು’ ಎಂದಷ್ಟೇ ಹೇಳಿ ಮುಂದಿನ ಸದಸ್ಯರ ಹೆಸರು ಕರೆಯಬೇಕು. ಪೀಠದಲ್ಲಿರುವವರ ಮಾತಿಗೆ ಅಧಿಕಾರಿಗಳು ಹೆಚ್ಚು ಬೆಲೆ ಕೊಡುತ್ತಾರೆ, ಕೊಠಡಿಯಲ್ಲಿ ಹೇಳಿದ್ದು ಸದನದಲ್ಲಿ ಕೂಗಿದ್ದಕ್ಕಿಂತ ಬೇಗ ನಡೆಯುತ್ತದೆ ಎನ್ನುವ ವಾದವೂ ಇದೆ. ಬಿಡಿ ಕಡತಗಳ ಮಟ್ಟಿಗೆ ಅದು ನಿಜವಿರಬಹುದು. ಕಾಲ್ಪನಿಕ ವೇತನದಂಥ ಪ್ರಶ್ನೆಗೆ ಕೊಠಡಿಯ ಮಾತು ಸಾಲದು. ಅದು ಸದನದ ಕಡತದಲ್ಲಿ ದಾಖಲಾಗಬೇಕು, ಸಚಿವರಿಂದ ಭರವಸೆಯಾಗಿ ಹೊರಬರಬೇಕು.

2028ರಲ್ಲಿ ಈ ಅವಧಿ ಮುಗಿಯುತ್ತದೆ. ಅವರು ಮತ್ತೆ ಸ್ಪರ್ಧಿಸುತ್ತಾರೋ ಇಲ್ಲವೋ ಎನ್ನುವುದಕ್ಕಿಂತ, ಯಾರೇ ಸ್ಪರ್ಧಿಸಿದರೂ ಅವರೆದುರು ನಿಲ್ಲುವ ಮತದಾರರು ಬೇರೆಯವರಾಗಿರುತ್ತಾರೆ ಎನ್ನುವುದರ ಬಗ್ಗೆ ನಾನು ಹೆಚ್ಚು ಯೋಚಿಸುತ್ತೇನೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತರ ಜಾಗಗಳು ತುಂಬುತ್ತಿಲ್ಲ. ಅನುದಾನರಹಿತ ಶಾಲೆ, ಕಾಲೇಜುಗಳ ಶಿಕ್ಷಕರು ಹೆಚ್ಚುತ್ತಿದ್ದಾರೆ. ಅವರಿಗೆ ಪಿಂಚಣಿ ಕಡತವಿಲ್ಲ, ಕಾಲ್ಪನಿಕ ವೇತನದ ಮಾತೂ ಇಲ್ಲ. ತಿಂಗಳ ಸಂಬಳ ಸರಿಯಾಗಿ ಬ್ಯಾಂಕಿಗೆ ಬರುವುದೇ ದೊಡ್ಡದು. ಇಂಥವರಿಗೆ ಲೆಟರ್‌ಹೆಡ್ಡಿನ ಪತ್ರದಿಂದ ಉಪಯೋಗವಿಲ್ಲ, ಕಾನೂನು ಬೇಕು. ಇನ್ನು ಸ್ಪರ್ಧಿಸುವವರು ಶಿಕ್ಷಕರೇ ಆಗಿರಬೇಕೆಂಬ ನಿಯಮವಿಲ್ಲ. ಮೂವತ್ತು ವರ್ಷ ತುಂಬಿ, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಶಾಲೆಯ ಮೈದಾನದಿಂದ ಬಂದ ಮಾಸ್ತರರೊಬ್ಬರು ಇಷ್ಟು ಕಾಲ ಹಿಡಿದಿದ್ದ ಸ್ಥಾನಕ್ಕೆ ಶಿಕ್ಷಣ ಸಂಸ್ಥೆಯ ಮಾಲೀಕರೇ ಬಂದು ನಿಂತರೆ ತಡೆಯುವವರು ಮತದಾರರು ಮಾತ್ರ.

ಆ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ ಎನ್ನುವುದು ನಮ್ಮಲ್ಲೇ ಬಹಳ ಜನರಿಗೆ ತಿಳಿದಿಲ್ಲ. ಕಳೆದ ಸಲ ಹೆಸರಿತ್ತೆಂದರೆ ಈ ಸಲವೂ ಇರುತ್ತದೆಂದಲ್ಲ. ಚುನಾವಣೆಯ ಹಿಂದಿನ ನವೆಂಬರ್ 1ಕ್ಕೆ ಸರಿಯಾಗಿ, ಕಳೆದ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆಗಿಂತ ಕಡಿಮೆಯಲ್ಲದ ಸಂಸ್ಥೆಯಲ್ಲಿ ಕಲಿಸಿರಬೇಕು, ನಮೂನೆ 19ನ್ನು ತುಂಬಿ, ಸಂಸ್ಥೆಯ ಮುಖ್ಯಸ್ಥರಿಂದ ಸೇವಾ ಪ್ರಮಾಣಪತ್ರ ಪಡೆದು ಸಲ್ಲಿಸಬೇಕು. ಅನುದಾನರಹಿತ ಶಾಲೆಗಳಲ್ಲಿ ಕೆಲಸ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಆ ಪ್ರಮಾಣಪತ್ರವನ್ನು 2027ರ ನವೆಂಬರಿಗೆ ಮೊದಲೇ ಕೇಳಿಟ್ಟುಕೊಳ್ಳಲಿ. ಕೊನೆಯ ವಾರದಲ್ಲಿ ಕೇಳಿದರೆ ಮಂಡಳಿಯವರ ಸಹಿ ಸಿಗುವುದಿಲ್ಲ.